ಮನೆಯಲ್ಲೇ ಕಡಿಮೆ ಖರ್ಚಿನಲ್ಲಿ ಕಾರಿಗೆ ಪೇಂಟ್ ಮಾಡಬಹುದೇ?

ಮಾಡಬಹುದು. ಶೋರೂಮ್ ಹೊಳಪು ಬೇಕೆಂದರೆ ಮಾತ್ರ ಕಷ್ಟ. ಮೊದಲು ಒಂದೇ ಬಾಗಿಲಿಗೆ ಹೊಡೆದು ನೋಡಿ, ಕೈ ಪಳಗುತ್ತದೆ.

ಹೆಚ್ಚಿನ ಕೆಲಸ ಇರುವುದು ಉಜ್ಜುವುದರಲ್ಲಿ, ಎಲ್ಲರೂ ಅವಸರಪಡುವುದೂ ಅಲ್ಲೇ. ಹಳೆಯ ಬಣ್ಣ ಗಟ್ಟಿಯಾಗಿ ಕೂತಿದ್ದರೆ ಪೂರ್ತಿ ಕಿತ್ತುಹಾಕಬೇಕಿಲ್ಲ. ತುಕ್ಕು ಹಿಡಿದ ಕಡೆ ಹೊಳೆಯುವ ಲೋಹ ಕಾಣುವವರೆಗೆ ಕೆರೆಯಿರಿ, ತಗ್ಗಿಗೆ ಪುಟ್ಟಿ ತುಂಬಿ, 320 ನಂಬರಿನ ಉಜ್ಜುಕಾಗದದಿಂದ ಸಮ ಮಾಡಿ. ಅದರ ಮೇಲೆ ಪ್ರೈಮರ್ (ಬಣ್ಣ ಚೆನ್ನಾಗಿ ಹಿಡಿಯಲು ಮೊದಲು ಹೊಡೆಯುವ ಪದರ) ಹೊಡೆದು, ಒಣಗಿದ ಮೇಲೆ 600 ನಂಬರಿನದನ್ನು ನೀರಲ್ಲಿ ಅದ್ದಿ ಹಗುರವಾಗಿ ಉಜ್ಜಿ. ಕಣ್ಣಿಗಿಂತ ಅಂಗೈಯನ್ನು ನಂಬಿ; ಸವರಿದಾಗ ಸಿಗುವ ಉಬ್ಬುತಗ್ಗು ಬಣ್ಣ ಬಿದ್ದ ಮೇಲೆ ಎದ್ದು ಕಾಣುತ್ತದೆ. ಕೊನೆಗೆ ಜಿಡ್ಡು ತೆಗೆಯುವ ದ್ರಾವಣದಿಂದ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ.

ಸ್ಪ್ರೇ ಡಬ್ಬಿಯನ್ನು ಸುಮಾರು 25 ಸೆಂ.ಮೀ. ದೂರ ಹಿಡಿದು, ಕೈ ನಿಲ್ಲಿಸದೆ, ಪ್ರತಿ ಪಟ್ಟಿಯೂ ಹಿಂದಿನದರ ಅರ್ಧ ಮುಚ್ಚುವಂತೆ ಹೊಡೆಯಿರಿ. ದಪ್ಪಗೆ ಒಂದು ಕೋಟ್ ಹೊಡೆದರೆ ಸೋರುತ್ತದೆ. ತೆಳುವಾಗಿ ಮೂರು ಹೊಡೆಯಿರಿ, ನಡುವೆ 10–15 ನಿಮಿಷ ಬಿಡಿ. ಮಳೆ, ತೇವದ ದಿನ ಬೇಡ, ಬಣ್ಣ ಮಂಜಾಗುತ್ತದೆ. ಮೆಟಾಲಿಕ್ ಬಣ್ಣವಾದರೆ ಪಟ್ಟೆ ಪಟ್ಟೆ ಕಾಣುವ ಅಪಾಯ ಹೆಚ್ಚು. ಮೊದಲ ಸಲಕ್ಕೆ ಸಾದಾ ಬಣ್ಣವೇ ವಾಸಿ.

ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್‌ನಲ್ಲಿ ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ ಬಗೆ ಬಹಳ ಬಾಳಿಕೆ ಬರುತ್ತದೆ ನಿಜ. ಆದರೆ ಅದರಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಆಸ್ತಮಾ ತರಬಲ್ಲದು, ಬಟ್ಟೆಯ ಮಾಸ್ಕ್ ಅದನ್ನು ತಡೆಯದು. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖಕವಚ ಇಲ್ಲದಿದ್ದರೆ ಅದೊಂದನ್ನು ಗ್ಯಾರೇಜಿನವರಿಗೇ ಬಿಡಿ.