ಸಿ.ಡಿ.ಯಲ್ಲಿರುವ ಫೋಟೊ ಮನೆಯಲ್ಲೇ ಪ್ರಿಂಟ್: ಹೊಸ ಪ್ರಿಂಟರ್ ತರುವ ಮೊದಲು ಇದನ್ನು ಓದಿ

ಮದುವೆಯ ಡಿವಿಡಿ, ಮಗುವಿನ ನಾಮಕರಣದ ಸಿ.ಡಿ., ತೀರಿಕೊಂಡ ಅಪ್ಪನ ಫೋಟೊ ಇರುವ ಒಂದೇ ಒಂದು ಡಿಸ್ಕ್. ಮನೆಯಲ್ಲಿ ಪ್ರಿಂಟರ್ ಇದೆ, ಆದರೆ ಪ್ರಿಂಟ್ ಚೆನ್ನಾಗಿ ಬರುವುದಿಲ್ಲ. ಈ ಅಂಕಣಕ್ಕೆ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ಕೇಳುವವರ ಮೇಲೆ ನನಗೆ ಬೇಸರವಿಲ್ಲ. ಅವರಿಗೆ ಸಿಕ್ಕ ಸಲಹೆ ನೋಡಿದರೆ ಸಿಟ್ಟು ಬರುತ್ತದೆ. ಒಬ್ಬರು ‘ಹೆಡ್ (ಹಾಳೆಗೆ ಇಂಕ್ ಚಿಮ್ಮಿಸುವ ಭಾಗ) ಹೋಗಿದೆ’ ಅಂತಾರೆ, ಇನ್ನೊಬ್ಬರು ‘ಇಂಕ್ ಬದಲಾಯಿಸಿ’ ಅಂತಾರೆ, ಮತ್ತೊಬ್ಬರು ಹೊಸ ಪ್ರಿಂಟರ್ ತೋರಿಸುತ್ತಾರೆ. ದುಡ್ಡು ಹೋಗುತ್ತದೆ, ಫೋಟೊ ಮಾತ್ರ ಹಾಗೇ ಮಂಕು. ಪ್ರಿಂಟರ್ ಜೋಡಿಸುವುದು, ಡ್ರೈವರ್ ಹಾಕುವುದು ನಿಮಗೆ ಗೊತ್ತಿದೆ ಎಂದುಕೊಂಡು ಶುರುಮಾಡುತ್ತೇನೆ.

ಪ್ರಶ್ನೆ: 2008ರಲ್ಲಿ ನಮ್ಮ ಮದುವೆಯಾಯಿತು. ಆಲ್ಬಂ ಮಳೆನೀರಿಗೆ ಸಿಕ್ಕಿ ಹಾಳಾಗಿದೆ, ಸ್ಟುಡಿಯೊದವರು ಕೊಟ್ಟ ಡಿವಿಡಿ ಮಾತ್ರ ಉಳಿದಿದೆ. ಇಂಕ್ ಟ್ಯಾಂಕ್ ಪ್ರಿಂಟರ್‌ನಲ್ಲಿ ಗ್ಲಾಸಿ ಪೇಪರ್ ಹಾಕಿ ಪ್ರಿಂಟ್ ತೆಗೆದೆ. ಲ್ಯಾಪ್‌ಟಾಪ್‌ನಲ್ಲಿ ಫೋಟೊ ಹೊಳೆಯುತ್ತದೆ, ಪೇಪರಿನಲ್ಲಿ ಮುಖ ಕಪ್ಪಾಗಿ, ಬಣ್ಣ ಮಂಕಾಗಿ ಬರುತ್ತದೆ. ಅಂಗಡಿಯವರು ಹೆಡ್ ಹೋಗಿದೆ ಅಂದರು. ಹೊಸದು ತರಬೇಕಾ? (ಹಾಸನದ ಓದುಗರು)

ಉತ್ತರ: ತರಬೇಡಿ. ಹೆಡ್ ಕಟ್ಟಿಕೊಂಡಿದ್ದರೆ ಫೋಟೊದ ಉದ್ದಕ್ಕೂ ತೆಳ್ಳಗಿನ ಬಿಳಿ ಗೆರೆ ಬೀಳುತ್ತವೆ, ಇಲ್ಲವೇ ಯಾವುದೋ ಒಂದು ಬಣ್ಣವೇ ಕಾಣೆಯಾಗಿರುತ್ತದೆ. ನೀವು ಹೇಳುತ್ತಿರುವುದು ಆ ಲಕ್ಷಣವಲ್ಲ. ಅನುಮಾನ ಇದ್ದರೆ ಒಂದು ನಾಜಲ್ ಚೆಕ್, ಅಂದರೆ ಹೆಡ್ಡಿನ ತೂತುಗಳನ್ನು ಪರೀಕ್ಷಿಸುವ ಗೆರೆಗಳ ಹಾಳೆ, ತೆಗೆಯಿರಿ. ಎಲ್ಲ ಗೆರೆಗಳೂ ತುಂಡಾಗದೆ ಬಂದರೆ ಹೆಡ್ ಸರಿಯಾಗಿದೆ. ಸುಮ್ಸುಮ್ನೆ ಹೆಡ್ ಕ್ಲೀನಿಂಗ್ ಒತ್ತಬೇಡಿ. ಪ್ರತಿ ಸಲ ಕ್ಲೀನಿಂಗ್ ಮಾಡಿದಾಗ ಒಳ್ಳೆಯ ಇಂಕ್ ಪ್ರಿಂಟರಿನ ಹೊಟ್ಟೆಯೊಳಗಿನ ವೇಸ್ಟ್ ಪ್ಯಾಡಿಗೆ ಹೋಗುತ್ತದೆ. ಆ ಪ್ಯಾಡ್ ತುಂಬಿತೆಂದು ಲೆಕ್ಕ ಬಂದ ದಿನ ಪ್ರಿಂಟರ್ ಕೆಲಸ ನಿಲ್ಲಿಸುತ್ತದೆ.

ನಿಮ್ಮ ತೊಂದರೆಗೆ ಎರಡು ಕಾರಣ ಇರಬಹುದು, ಬಹಳ ಸಲ ಎರಡೂ ಸೇರಿರುತ್ತವೆ. ಮೊದಲನೆಯದು ಪೇಪರ್ ಟೈಪ್. ನೀವು ಟ್ರೇಯಲ್ಲಿ ಗ್ಲಾಸಿ ಪೇಪರ್ ಇಟ್ಟಿದ್ದೀರಿ ಎನ್ನುವುದು ಪ್ರಿಂಟರಿಗೆ ತಾನಾಗಿ ಗೊತ್ತಾಗುವುದಿಲ್ಲ. ಡ್ರೈವರಿನಲ್ಲಿ ‘ಪ್ಲೇನ್ ಪೇಪರ್’ ಅಂತ ಇದ್ದರೆ ಅದು ಸಾದಾ ಹಾಳೆಗೆ ಎಷ್ಟು ಇಂಕ್ ಬೇಕೋ ಅಷ್ಟನ್ನೇ, ದಪ್ಪ ಹನಿಯಲ್ಲಿ ಬಿಡುತ್ತದೆ. ಬಣ್ಣದ ಲೆಕ್ಕವೂ ಸಾದಾ ಹಾಳೆಯದೇ. ಇನ್ನೊಂದು ತೊಂದರೆಯೂ ಇದೆ. ಕ್ಯಾನನ್ ಜಿ ಸರಣಿಯಂಥ ಹಲವು ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಕಪ್ಪು ಇಂಕ್ ಪಿಗ್ಮೆಂಟ್ (ದ್ರವದಲ್ಲಿ ತೇಲುವ ಸೂಕ್ಷ್ಮ ಬಣ್ಣದ ಪುಡಿ), ಬಣ್ಣದ ಇಂಕ್ ಡೈ (ದ್ರವದಲ್ಲಿ ಕರಗಿದ ಬಣ್ಣ). ಪ್ಲೇನ್ ಅಂತ ಇಟ್ಟರೆ ಆ ಪಿಗ್ಮೆಂಟ್ ಕಪ್ಪು ಗ್ಲಾಸಿ ಪೇಪರಿನ ಮೇಲೆ ಬಂದು ಕೂರುತ್ತದೆ. ಒಳಗೆ ಇಳಿಯುವುದಿಲ್ಲ, ಬೆರಳಾಡಿಸಿದರೆ ಮಸಿಯಾಗುತ್ತದೆ. ನಿಮ್ಮ ಫೋಟೊದಲ್ಲಿ ಕೂದಲು ಅಥವಾ ಸೂಟಿನ ಜಾಗವನ್ನು ಬೆರಳಿನಿಂದ ಉಜ್ಜಿ ನೋಡಿ. ಬೆರಳು ಕಪ್ಪಾದರೆ ಕಾರಣ ಸಿಕ್ಕಿತು. ಪ್ರಿಂಟ್ ಒತ್ತುವ ಮೊದಲು ‘ಪ್ರಿಂಟರ್ ಪ್ರಾಪರ್ಟೀಸ್’ಗೆ ಹೋಗಿ ಪೇಪರ್ ಟೈಪ್ ಗ್ಲಾಸಿ, ಕ್ವಾಲಿಟಿ ಹೈ ಅಂತ ಇಡಿ. ಪ್ರತಿ ಸಲವೂ ನೋಡಿ. ಮೊನ್ನೆ ಇಟ್ಟಿದ್ದು ಇವತ್ತೂ ಹಾಗೇ ಇರುತ್ತದೆ ಎಂದುಕೊಳ್ಳಬೇಡಿ.

ಎರಡನೆಯದನ್ನು ಯಾರೂ ನಂಬುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನ ಪರದೆ ಜಾಸ್ತಿ ಬೆಳಕಿನಲ್ಲಿದೆ. ಪರದೆಗೆ ಹಿಂದಿನಿಂದ ತನ್ನದೇ ದೀಪ ಇದೆ. ಪೇಪರಿಗೆ ಇಲ್ಲ. ಅದು ಕೋಣೆಯ ಬೆಳಕನ್ನು ವಾಪಸ್ ಕೊಡುತ್ತದೆ, ಅಷ್ಟೇ. ಫೋಟೊ ಪ್ರಿಂಟಿಗೆಂದು ಮಾನಿಟರ್ ಹೊಂದಿಸುವವರು ಸಾಮಾನ್ಯವಾಗಿ ಪ್ರತಿ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಬೆಳಕಿಗೆ ಇಳಿಸುತ್ತಾರೆ. ಲ್ಯಾಪ್‌ಟಾಪಿನ ಬ್ರೈಟ್ನೆಸ್ ಪೂರ್ತಿ ಏರಿಸಿದರೆ ಇದರ ಎರಡು ಮೂರು ಪಟ್ಟು ಬೆಳಕು ಬರುವುದು ಸಾಮಾನ್ಯ. ಅಲ್ಲಿ ಚೆನ್ನಾಗಿ ಕಂಡ ಮುಖ ಪೇಪರಿನಲ್ಲಿ ಕಪ್ಪಾಗಿ ಕಾಣದೆ ಇನ್ನೇನಾಗುತ್ತದೆ?

ಪರದೆಯ ಬೆಳಕು, ಬಣ್ಣ ಅಳೆದು ಹೊಂದಿಸುವ ದುಬಾರಿ ಕ್ಯಾಲಿಬ್ರೇಟರ್ ಬೇಡ. ಹೀಗೆ ಮಾಡಿ. ವರ್ಡ್‌ನಲ್ಲಿ ಒಂದು ಖಾಲಿ ಪುಟ ತೆರೆದು ಪರದೆ ತುಂಬ ಬಿಳಿ ಮಾಡಿ. ನೀವು ಪ್ರಿಂಟ್ ನೋಡುವ ಕೋಣೆಯಲ್ಲೇ, ಅದೇ ಬೆಳಕಿನಲ್ಲಿ, ಒಂದು ಖಾಲಿ ಫೋಟೊ ಪೇಪರನ್ನು ಪರದೆಯ ಪಕ್ಕಕ್ಕೆ ಹಿಡಿಯಿರಿ. ಪೇಪರ್ ಬೂದಿ ಬಣ್ಣದ ಹಾಗೆ ಕಾಣುತ್ತದೆ. ಪರದೆಯ ಬಿಳಿ ಪೇಪರಿನ ಬಿಳಿಗೆ ಸಮ ಆಗುವವರೆಗೆ ಬ್ರೈಟ್ನೆಸ್ ಇಳಿಸಿ. ಈಗ ನಿಮ್ಮ ಮದುವೆಯ ಫೋಟೊ ತೆರೆದು ನೋಡಿ. ಪ್ರಿಂಟಿನಲ್ಲಿ ಕಂಡ ಮಂಕು ಮುಖವೇ ಪರದೆಯಲ್ಲೂ ಕಾಣುತ್ತದೆ. ನಿಮ್ಮ ಪ್ರಿಂಟರ್ ಸರಿಯಾಗೇ ಕೆಲಸ ಮಾಡಿತ್ತು.

ಇನ್ನು ಫೋಟೊವನ್ನು ತಿದ್ದಬಹುದು. ಒಂದು ಮುಖವನ್ನು ಕತ್ತರಿಸಿಕೊಂಡು ಅದರ ನಾಲ್ಕು ಪ್ರತಿ ಮಾಡಿ. ಮೊದಲನೆಯದು ಇದ್ದ ಹಾಗೆ, ಉಳಿದ ಮೂರು ಒಂದಕ್ಕಿಂತ ಒಂದು ಸ್ವಲ್ಪ ಸ್ವಲ್ಪ ಬೆಳಕು ಏರಿಸಿದ್ದು. ನಾಲ್ಕನ್ನೂ ಒಂದೇ 4x6 ಇಂಚಿನ ಹಾಳೆಯಲ್ಲಿ ಪ್ರಿಂಟ್ ತೆಗೆಯಿರಿ. ಒಂದೇ ಹಾಳೆ ಖರ್ಚು. ಯಾವುದು ಸರಿ ಎಂದು ಹಗಲಲ್ಲಿ ಕಿಟಕಿ ಹತ್ತಿರ ನಿಂತು ನೋಡಿ. ಟ್ಯೂಬ್‌ಲೈಟ್ ಕೆಳಗೆ ನೋಡಿ ತೀರ್ಮಾನ ಮಾಡಬೇಡಿ. ಪ್ರಿಂಟರಿನಿಂದ ಬಂದ ತಕ್ಷಣವೂ ಬೇಡ, ಇಂಕ್ ಒಣಗುತ್ತಾ ಬಣ್ಣ ಸ್ವಲ್ಪ ಬದಲಾಗುತ್ತದೆ. ಗಾಜಿನ ಫ್ರೇಮಿಗೆ ಹಾಕುವುದಿದ್ದರೆ 24 ಗಂಟೆ ಬಿಡಿ. ಇಲ್ಲದಿದ್ದರೆ ಒಳಗಿನ ತೇವ ಗಾಜಿನ ಮೇಲೆ ಮಂಜಿನ ಹಾಗೆ ಕೂರುತ್ತದೆ.

ಆ ಕಾಲದ ಮದುವೆ ಫೋಟೊಗಳ ಬಗ್ಗೆ ಒಂದು ಮಾತು. ಮಂಟಪದಲ್ಲಿ ವಿಡಿಯೊದವರು ಹ್ಯಾಲೊಜೆನ್ ಲೈಟ್ ಹಿಡಿದು ನಿಲ್ಲುತ್ತಿದ್ದರು. ಹಾಗಾಗಿ ಫ್ಲ್ಯಾಷ್ ತಲುಪದ ಕಡೆಯೆಲ್ಲ ಕಿತ್ತಳೆ ಬಣ್ಣ ಹರಡಿರುತ್ತದೆ. ಪರದೆಯಲ್ಲಿ ಅದು ‘ಬೆಚ್ಚಗೆ’ ಕಾಣುತ್ತದೆ, ಪೇಪರಿನಲ್ಲಿ ಕೊಳಕಾಗಿ ಕಾಣುತ್ತದೆ. ಫೋಟೊ ತಿದ್ದುವ ಸಾಫ್ಟ್‌ವೇರ್‌ಗಳಲ್ಲಿ ವೈಟ್ ಬ್ಯಾಲೆನ್ಸಿಗೆ, ಅಂದರೆ ಬೆಳಕಿನಿಂದ ಹರಡಿದ ಬಣ್ಣ ತೆಗೆದು ಬಿಳಿಯನ್ನು ಬಿಳಿಯಾಗಿಸಲು, ಒಂದು ಡ್ರಾಪರ್ (ಹನಿ ಹಾಕುವ ನಳಿಕೆಯ ಗುರುತು) ಇರುತ್ತದೆ. ಅದನ್ನು ಫೋಟೊದಲ್ಲಿ ನಿಜವಾಗಿ ಬಿಳಿಯಾಗಿದ್ದ ವಸ್ತುವಿನ ಮೇಲೆ ಒತ್ತಿ. ಹಿರಿಯರ ಹತ್ತಿ ಪಂಚೆ ಒಳ್ಳೆಯದು. ವರನ ರೇಷ್ಮೆ ಪಂಚೆಯ ಮೇಲೆ ಒತ್ತಬೇಡಿ, ಅದು ಕೆನೆ ಬಣ್ಣ. ಅದನ್ನು ಬಿಳಿ ಮಾಡಲು ಹೋದರೆ ಎಲ್ಲರ ಮುಖವೂ ನೀಲಿಗೆ ತಿರುಗುತ್ತದೆ. ಹಾಗೇ ಅರಿಶಿನ ಶಾಸ್ತ್ರದ ಫೋಟೊಗಳನ್ನು ‘ಆಟೊ ಕಲರ್’ಗೆ ಕೊಡಲೇಬೇಡಿ. ಹಳದಿ ತಪ್ಪು ಎಂದು ಅದು ತಿಳಿದುಕೊಳ್ಳುತ್ತದೆ. ಆ ಫೋಟೊದಲ್ಲಿ ಹಳದಿಯೇ ಮುಖ್ಯ ಅಲ್ವಾ? ನೀವೇ ಕೈಯಾರೆ ತಿದ್ದಿದ ಮೇಲೆ ಪ್ರಿಂಟರ್ ಡ್ರೈವರಿನಲ್ಲಿರುವ ‘ಫೋಟೊ ಎನ್‌ಹಾನ್ಸ್’ ಥರದ ಆಯ್ಕೆಗಳನ್ನೂ ಆಫ್ ಮಾಡಿ.

ಯಾವ ಫೈಲ್ ಪ್ರಿಂಟ್ ಮಾಡುತ್ತಿದ್ದೀರಿ ಎಂದೂ ನೋಡಿಕೊಳ್ಳಿ. ಸ್ಟುಡಿಯೊ ಡಿಸ್ಕ್‌ಗಳಲ್ಲಿ ಹಲವು ಸಲ ಎರಡು ಫೋಲ್ಡರ್ ಇರುತ್ತವೆ. ಒಂದು ಟಿವಿಯಲ್ಲಿ ನೋಡಲು ಮಾಡಿದ ಚಿಕ್ಕ ಫೋಟೊಗಳದ್ದು, ಇನ್ನೊಂದು ಮೂಲದ್ದು. ಡಿಸ್ಕ್ ಹಾಕಿದ ತಕ್ಷಣ ತಾನಾಗಿ ತೆರೆದುಕೊಳ್ಳುವ ಗ್ಯಾಲರಿಯಿಂದ ಪ್ರಿಂಟ್ ತೆಗೆದರೆ ಚಿಕ್ಕದೇ ಬರುತ್ತದೆ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ನೋಡಿ. 4x6ಗೆ 1800x1200 ಪಿಕ್ಸೆಲ್ ಇದ್ದರೆ ಧಾರಾಳ, 1200x800 ಇದ್ದರೂ ನಡೆಯುತ್ತದೆ. 640x480 ಆದರೆ ಅದನ್ನು ಪರ್ಸಿನಲ್ಲಿಡುವ ಅಳತೆಗಿಂತ ದೊಡ್ಡದು ಮಾಡಬೇಡಿ. ಹಳೆಯ ಕ್ಯಾಮೆರಾ ಅಂತ ಹಿಂಜರಿಯುವುದೂ ಬೇಡ. 6 ಮೆಗಾಪಿಕ್ಸೆಲ್‌ನ ನಿಕಾನ್ ಡಿ70 ಕೊಡುತ್ತಿದ್ದದ್ದು 3008x2000. ಎ4 ಹಾಳೆಗೆ ಅದು ಸಾಕು.

ಕೊನೆಯದಾಗಿ ತಲೆ ಕತ್ತರಿಸುವ ಆ ಪುಟ್ಟ ಟಿಕ್. ವಿಂಡೋಸ್‌ನ ಫೋಟೊ ಪ್ರಿಂಟ್ ಕಿಟಕಿಯಲ್ಲಿ ಕೆಳಗೆ ‘ಫಿಟ್ ಪಿಕ್ಚರ್ ಟು ಫ್ರೇಮ್’ ಅಂತ ಇರುತ್ತದೆ, ಮೊದಲೇ ಟಿಕ್ ಆಗಿರುತ್ತದೆ. ಹಾಳೆ ತುಂಬಿಸಲು ಅದು ಫೋಟೊದ ಅಂಚು ಕತ್ತರಿಸುತ್ತದೆ. ಡಿಎಸ್ಎಲ್ಆರ್ ಫೋಟೊ 3:2 ಅಳತೆ, 4x6 ಹಾಳೆಗೆ ಹೊಂದುತ್ತದೆ. ಪುಟ್ಟ ಡಿಜಿಟಲ್ ಕ್ಯಾಮೆರಾ, ಫೋನಿನ ಫೋಟೊ 4:3. ಅಲ್ಲಿ ಮೇಲೆ ಕೆಳಗೆ ಹೋಗುತ್ತದೆ, ಹಿಂದಿನ ಸಾಲಿನಲ್ಲಿ ನಿಂತ ಸೋದರಮಾವನ ಹಣೆಯೂ ಹೋಗುತ್ತದೆ. ಟಿಕ್ ತೆಗೆಯಿರಿ, ಅಥವಾ ಎಲ್ಲಿ ಕತ್ತರಿಸಬೇಕು ಎನ್ನುವುದನ್ನು ನೀವೇ ಮೊದಲು ತೀರ್ಮಾನಿಸಿ.

ಪ್ರಶ್ನೆ: ಸಿ.ಡಿ. ಗೀಚಿದೆ, ಓದುತ್ತಿಲ್ಲ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಸರಿಹೋಗುತ್ತದೆ ಎಂದು ವಿಡಿಯೊ ನೋಡಿದೆ. ಮಾಡಬಹುದಾ? (ಶಿವಮೊಗ್ಗ)

ಉತ್ತರ: ದಯವಿಟ್ಟು ಬೇಡ. ಆ ವಿಡಿಯೊ ಮಾಡಿದವರಿಗೆ ನಿಮ್ಮ ಡಿಸ್ಕಿನಲ್ಲಿ ಏನಿದೆ ಎಂದು ಗೊತ್ತಿಲ್ಲ. ಟೂತ್‌ಪೇಸ್ಟ್ ಉಜ್ಜುವ ಪುಡಿ ಸೇರಿದ ವಸ್ತು. ಒಂದು ಗೀರು ಅಳಿಸುವ ಭರದಲ್ಲಿ ನೂರು ಸಣ್ಣ ಗೀರು ಹಾಕುತ್ತೀರಿ. ಮೊದಲು ಮೆತ್ತಗಿನ ಒಣ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಬೇಡಿ. ಆಮೇಲೆ ಬೇರೆ ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಓದುವುದು ಬಹಳ ಸಾಮಾನ್ಯ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿ ಡಿವಿಡಿ ಡ್ರೈವ್ ಸಿಗುತ್ತದೆ.

ಸಿ.ಡಿ.ಯಲ್ಲಿ ಫೋಟೊ ಇರುವ ಪದರ ಹೆಸರು ಬರೆಯುವ ಬದಿಯ ಲ್ಯಾಕರ್ (ತೆಳು ವಾರ್ನಿಷ್ ಲೇಪ) ಕೆಳಗೇ ಇದೆ. ಹಾಗಾಗಿ ಆ ಬದಿಯಲ್ಲಿ ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಅಪಾಯ ಜಾಸ್ತಿ. ಡಿವಿಡಿಯಲ್ಲಿ ಆ ಪದರ ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಇರುವುದರಿಂದ ಸ್ವಲ್ಪ ಕ್ಷೇಮ. ಆದರೆ ಮನೆಯಲ್ಲಿ, ಸ್ಟುಡಿಯೊದಲ್ಲಿ ಬರೆದ ಇಂಥ ಡಿಸ್ಕ್‌ಗಳಲ್ಲಿ ಡೈ ಪದರ ಇರುತ್ತದೆ. ಬಿಸಿಲು, ಶಾಖ, ತೇವಕ್ಕೆ ಅದು ಹಾಳಾಗುತ್ತದೆ, ಗೀರೇ ಇಲ್ಲದಿದ್ದರೂ. ಈ ಅಂಕಣ ಓದುತ್ತಿರುವ ಎಲ್ಲರಿಗೂ ಹೇಳುತ್ತಿದ್ದೇನೆ: ಡಿಸ್ಕಿನಿಂದ ನೇರವಾಗಿ ಪ್ರಿಂಟ್ ಕೊಡಬೇಡಿ. ಇವತ್ತೇ ಪೂರ್ತಿ ಡಿಸ್ಕನ್ನು ಕಂಪ್ಯೂಟರಿಗೆ ನಕಲು ಮಾಡಿ, ಇನ್ನೊಂದು ಪ್ರತಿ ಬೇರೆ ಹಾರ್ಡ್ ಡಿಸ್ಕಿಗೆ ಹಾಕಿ. ಪ್ರಿಂಟ್ ನಾಳೆ ತೆಗೆಯಬಹುದು. ನಕಲಾಗುವಾಗ ಒಂದು ಫೈಲ್ ಸಿಕ್ಕಿಹಾಕಿಕೊಂಡರೆ ಅದನ್ನು ಬಿಟ್ಟು ಉಳಿದವನ್ನು ಮೊದಲು ಉಳಿಸಿಕೊಳ್ಳಿ.

ಪ್ರಶ್ನೆ: ನನ್ನ ಫೋಟೊ 72 ಡಿಪಿಐ ಇದೆ. ಸೈಬರ್ ಸೆಂಟರಿನವರು 300 ಮಾಡಿಕೊಡುತ್ತೇವೆ ಅಂತ ದುಡ್ಡು ಕೇಳುತ್ತಿದ್ದಾರೆ. (ಗದಗ)

ಉತ್ತರ: ಕೊಡಬೇಡಿ. ಡಿಪಿಐ ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕಿ ಎನ್ನುವ ಲೆಕ್ಕ. ಅದು ಫೈಲಿನೊಳಗೆ ಬರೆದಿಟ್ಟ ಒಂದು ಸಂಖ್ಯೆ. ಪಿಕ್ಸೆಲ್ ಎಷ್ಟಿದೆಯೋ ಅಷ್ಟೇ ಫೋಟೊ. 72 ಅಂತ ಬರೆದಿರುವ 3000 ಪಿಕ್ಸೆಲ್ ಫೋಟೊ ಚೆನ್ನಾಗಿ ಬರುತ್ತದೆ, 300 ಅಂತ ಬರೆದಿರುವ 500 ಪಿಕ್ಸೆಲ್ ಫೋಟೊ ಬರುವುದಿಲ್ಲ. ‘ಎಐ ಹಾಕಿ 4ಕೆ ಮಾಡಿಕೊಡುತ್ತೇವೆ’ ಎನ್ನುವವರ ಹತ್ತಿರ ಇನ್ನೂ ಹುಷಾರಾಗಿರಿ. ಅದು ಇಲ್ಲದ ಕಣ್ಣು, ಇಲ್ಲದ ಹುಬ್ಬನ್ನು ಊಹಿಸಿ ಬರೆಯುತ್ತದೆ. ನಿಮ್ಮ ಅಜ್ಜಿಯ ಜಾಗದಲ್ಲಿ ಅಜ್ಜಿಯನ್ನು ಹೋಲುವ ಇನ್ಯಾರೋ ಕೂತಿರುತ್ತಾರೆ.

ಪ್ರಶ್ನೆ: ಆಫೀಸಿನ ಕಲರ್ ಲೇಸರ್ ಪ್ರಿಂಟರಿಗೆ ಈ ಗ್ಲಾಸಿ ಪೇಪರ್ ಹಾಕಬಹುದಾ?

ಉತ್ತರ: ಬೇಡ. ಇಂಕ್‌ಜೆಟ್ ಫೋಟೊ ಪೇಪರಿನ ಲೇಪ ಲೇಸರ್ ಪ್ರಿಂಟರಿನ ಫ್ಯೂಸರ್ (ಬಣ್ಣದ ಪುಡಿಯನ್ನು ಕಾಯಿಸಿ ಹಾಳೆಗೆ ಅಂಟಿಸುವ ಭಾಗ) ಶಾಖಕ್ಕೆ ಕರಗಿ ಅಂಟಿಕೊಳ್ಳುತ್ತದೆ, ಯಂತ್ರ ಹಾಳು.

ಪ್ರಶ್ನೆ: ಎಲ್ಲ ಪ್ರಿಂಟರಿಗೂ ಆಗುತ್ತದೆ ಎನ್ನುವ ಇಂಕ್ ಅರ್ಧ ಬೆಲೆಗೆ ಸಿಗುತ್ತದೆ. ಹಾಕಲಾ? (ದಾವಣಗೆರೆ)

ಉತ್ತರ: ಫೋಟೊಗೆ ಬೇಡ. ಎಲ್ಲ ಹೆಡ್ಡಿಗೂ ಒಂದೇ ಇಂಕ್ ಹೊಂದುತ್ತದೆ ಎನ್ನುವುದೇ ಸುಳ್ಳು. ಎಪ್ಸನ್ ಹೆಡ್ ಒತ್ತಡದಿಂದ ಹನಿ ಹೊರಡಿಸುತ್ತದೆ, ಕ್ಯಾನನ್ ಮತ್ತು ಎಚ್‌ಪಿ ಹೆಡ್ ಶಾಖದಿಂದ. ಡ್ರೈವರಿನ ಬಣ್ಣದ ಲೆಕ್ಕವೂ ಕಂಪನಿಯ ಇಂಕಿಗೆ ಮಾಡಿದ್ದು. ಬೇರೆ ಇಂಕ್ ಹಾಕಿದ ಮೇಲೆ ಚರ್ಮದ ಬಣ್ಣ ಹಸಿರಾಯಿತು, ಗೋಡೆಗೆ ಹಾಕಿದ ಫೋಟೊ ಬೇಗ ಮಾಸಿತು ಎಂದು ಬರೆದರೆ ನನ್ನ ಹತ್ತಿರ ಉತ್ತರವಿಲ್ಲ. ಇಂಕ್ ಉಳಿಸುವ ಆಸೆ ಇದ್ದರೆ ಪ್ರಿಂಟರನ್ನು ಅದರ ಬಟನ್ನಿನಿಂದಲೇ ಆಫ್ ಮಾಡಿ, ಆಮೇಲೆ ಗೋಡೆಯ ಸ್ವಿಚ್. ಹಾಗೆ ಮಾಡಿದರೆ ಹೆಡ್ ತನ್ನ ಮುಚ್ಚಳದ ಮೇಲೆ ಸರಿಯಾಗಿ ಹೋಗಿ ಕೂರುತ್ತದೆ, ಬೇಗ ಒಣಗುವುದಿಲ್ಲ. ವಾರಕ್ಕೊಮ್ಮೆ ಒಂದು ಬಣ್ಣದ ಹಾಳೆ ಪ್ರಿಂಟ್ ತೆಗೆಯಿರಿ.

ಪ್ರಶ್ನೆ: ಪೂರ್ತಿ ಆಲ್ಬಂ ಮನೆಯಲ್ಲೇ ಪ್ರಿಂಟ್ ಮಾಡುವುದು ಅಗ್ಗವಾ? (ಉಡುಪಿ)

ಉತ್ತರ: ಅಲ್ಲ. ಪೇಪರ್, ಇಂಕ್, ಹಾಳಾಗುವ ಹಾಳೆ ಎಲ್ಲ ಸೇರಿಸಿ ನೋಡಿ. ಇನ್ನೂರು ಫೋಟೊ ಬೇಕಿದ್ದರೆ ಲ್ಯಾಬಿಗೆ ಕೊಡಿ. ಅಲ್ಲಿ ಬೆಳ್ಳಿ ಲವಣದ ಫೋಟೊ ಪೇಪರಿನ ಮೇಲೆ ಬರುವ ಪ್ರಿಂಟ್ ಸಾಮಾನ್ಯವಾಗಿ ಮನೆಯ ಡೈ ಇಂಕಿಗಿಂತ ಹೆಚ್ಚು ಬಾಳುತ್ತದೆ. ಮನೆಯ ಪ್ರಿಂಟರ್ ನಾಲ್ಕಾರು ಫೋಟೊಗೆ, ತುರ್ತಿಗೆ, ಪಾಸ್‌ಪೋರ್ಟ್ ಸೈಜಿಗೆ ಚೆನ್ನ. 35x45 ಮಿ.ಮೀ. ಅಳತೆಯವು ಒಂದು 4x6 ಹಾಳೆಯಲ್ಲಿ ಎಂಟು ಬರುತ್ತವೆ. ಲ್ಯಾಬಿಗೆ ಡಿಸ್ಕ್ ಕೊಡಬೇಡಿ, ನಕಲು ಮಾಡಿದ ಪೆನ್‌ಡ್ರೈವ್ ಕೊಡಿ. ಫೋಟೊಗಳನ್ನು ನೀವು ಮೊದಲೇ ತಿದ್ದಿದ್ದರೆ ‘ಆಟೊ ಕರೆಕ್ಷನ್ ಹಾಕಬೇಡಿ’ ಎಂದು ಬಿಲ್ಲಿನ ಮೇಲೇ ಬರೆಸಿ.