ಕಸಿ ತರಬೇತಿಯ ಸ್ಲೈಡಿನಲ್ಲಿ ವಿಡಿಯೊ ಚೆಂದ ಕೂರಿಸುವುದು

ಅಣ್ಣ, ನಿಮ್ಮ ಪ್ರಶ್ನೆ ಓದಿದೆ. ಕಾಳುಮೆಣಸಿನ ಕಸಿ ಬಗ್ಗೆ ಝೂಮ್‌ನಲ್ಲಿ ತರಬೇತಿ ಕೊಡಬೇಕು, ವಿಡಿಯೊಗಳನ್ನು ಫೋನಿನಲ್ಲಿ ತೆಗೆದಿದ್ದೀರಿ, ಪವರ್‌ಪಾಯಿಂಟಿಗೆ ಹಾಕಿದರೆ ಮೂಲೆಯಲ್ಲಿ ಚೀಟಿ ಅಂಟಿಸಿದ ಹಾಗೆ ಕಾಣುತ್ತದೆ ಅಂತ ಬರೆದಿದ್ದೀರಿ. ನಾನೂ ಹಿಪ್ಪಲಿ ಗಿಡದ ಮೇಲೆ ಮೆಣಸಿನ ಕುಡಿ ಕಸಿ ಕಟ್ಟುವುದನ್ನು ಆನ್‌ಲೈನಿನಲ್ಲೇ ಹೇಳಿಕೊಡುತ್ತೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಅಳತೆ. ಈಗಿನ ಸ್ಲೈಡು 13.33 ಇಂಚು ಅಗಲ, 7.5 ಇಂಚು ಎತ್ತರ ಇರುತ್ತದೆ. ಫೋನನ್ನು ಅಡ್ಡ ಹಿಡಿದು ತೆಗೆದ ವಿಡಿಯೊ ಅದಕ್ಕೆ ಸರಿಯಾಗಿ ತುಂಬುತ್ತದೆ. ಅದನ್ನು ಚಿಕ್ಕದು ಮಾಡಿ ಪಕ್ಕದಲ್ಲಿ ಐದು ಸಾಲು ಬರೆಯಬೇಡಿ, ಇಡೀ ಸ್ಲೈಡನ್ನು ಅದಕ್ಕೇ ಬಿಟ್ಟುಕೊಡಿ. ನಮ್ಮಲ್ಲಿ ತರಬೇತಿಗೆ ಸೇರುವವರು ಹೆಚ್ಚಾಗಿ ಫೋನಿನಲ್ಲೇ ನೋಡುತ್ತಾರೆ. ಕುಡಿಯ ಬುಡವನ್ನು ಎರಡೂ ಕಡೆ ಸವರಿ ಬೆಣೆ ಮಾಡುವುದು, ಹಿಪ್ಪಲಿ ಕಾಂಡದ ಸೀಳಿಗೆ ಇಳಿಸುವುದು, ಅಂಚಿಗೆ ಅಂಚು ತಾಗಿಸುವುದು, ಇಷ್ಟು ಸಣ್ಣ ಕೆಲಸ ಅಂಗೈಯಗಲದ ಪರದೆಯಲ್ಲಿ ಕಾಣಬೇಕಲ್ವಾ?

ನಿಮ್ಮ ಹತ್ತಿರ ಇರುವುದು ಉದ್ದಕ್ಕೆ ಹಿಡಿದು ತೆಗೆದ ವಿಡಿಯೊ ಅಂತ ಕಾಣುತ್ತದೆ. ಅದನ್ನು ಸ್ಲೈಡಿನ ಪೂರ್ತಿ ಎತ್ತರಕ್ಕೆ ಎಳೆದರೂ ಅಗಲ 4.2 ಇಂಚು ಮಾತ್ರ. ಪಕ್ಕದ ಚುಕ್ಕೆ ಹಿಡಿದು ಎಳೆದರೆ ಬೆರಳುಗಳು ಊದಿಕೊಂಡ ಹಾಗೆ ಕಾಣುತ್ತವೆ, ಯಾವಾಗಲೂ ಮೂಲೆಯ ಚುಕ್ಕೆಯನ್ನೇ ಹಿಡಿಯಿರಿ. ನಾನು ಮಾಡುವುದು ಹೀಗೆ: ಎತ್ತರ 6.5 ಇಂಚಿಗೆ ಇಳಿಸಿದರೆ ಅಗಲ ಸುಮಾರು 3.65 ಇಂಚು ಆಗುತ್ತದೆ. ಆಗ ಒಂದೇ ಸ್ಲೈಡಿನಲ್ಲಿ ಮೂರು ವಿಡಿಯೊ ಸಾಲಾಗಿ ಕೂರುತ್ತವೆ, ನಡುವೆ ಅರ್ಧ ಇಂಚು ಜಾಗವೂ ಉಳಿಯುತ್ತದೆ. ಎಡಕ್ಕೆ ಸವರುವುದು, ನಡುವೆ ಸೇರಿಸುವುದು, ಬಲಕ್ಕೆ ಟೇಪು ಸುತ್ತುವುದು. ಕೆಳಗೆ ಉಳಿದ ಒಂದು ಇಂಚಿನಲ್ಲಿ ಈ ಒಂದೊಂದು ಮಾತು ಸಾಕು. ಮೂರೂ ಒಟ್ಟಿಗೆ ಓಡಬಾರದು, ಕಣ್ಣು ಎಲ್ಲಿ ನಿಲ್ಲಬೇಕು ಅಂತ ತಿಳಿಯುವುದಿಲ್ಲ. ವಿಡಿಯೊ ಆರಿಸಿದಾಗ ಮೇಲೆ ಬರುವ ‘ಪ್ಲೇಬ್ಯಾಕ್’ ಟ್ಯಾಬಿನಲ್ಲಿ ‘ಇನ್ ಕ್ಲಿಕ್ ಸೀಕ್ವೆನ್ಸ್’ ಇಟ್ಟರೆ ಒಂದಾದ ಮೇಲೆ ಒಂದು, ನೀವು ಒತ್ತಿದಾಗ ಓಡುತ್ತದೆ.

ಅಂಟಿಸಿದ ಹಾಗೆ ಕಾಣುವುದಕ್ಕೆ ಮುಖ್ಯ ಕಾರಣ ಬಣ್ಣ. ಬೆಳ್ಳಗಿನ ಸ್ಲೈಡಿನ ಮೇಲೆ ತೋಟದ ನೆರಳಿನ ವಿಡಿಯೊ ಹಾಕಿದರೆ ಕಪ್ಪು ಡಬ್ಬದ ಹಾಗೆ ಎದ್ದು ಕಾಣುತ್ತದೆ. ಸ್ಲೈಡಿನಷ್ಟೇ ದೊಡ್ಡ ಆಯತ ಎಳೆದು ಹಿಂದಕ್ಕೆ ಕಳಿಸಿ. ಶೇಪ್ ಫಿಲ್‌ನಲ್ಲಿ ಐಡ್ರಾಪರ್ ಇದೆ. ಅದರಿಂದ ವಿಡಿಯೊದಲ್ಲೇ ಇರುವ ಕಡು ಹಸಿರನ್ನೋ ಮಣ್ಣಿನ ಬಣ್ಣವನ್ನೋ ಎತ್ತಿ ಆಯತಕ್ಕೆ ತುಂಬಿ. ಒಂದೇ ನಿಮಿಷದ ಕೆಲಸ, ಸ್ಲೈಡಿಗೂ ವಿಡಿಯೊಗೂ ನಂಟು ಬಂದುಬಿಡುತ್ತದೆ. ನೆರಳು, ಹೊಳಪು, ದಪ್ಪ ಚೌಕಟ್ಟು ಯಾವುದೂ ಬೇಡ.

ಇನ್ನೊಂದು, ಒತ್ತುವ ಮೊದಲು ಕಾಣುವ ಚಿತ್ರ. ಸುಮ್ನೆ ಬಿಟ್ಟರೆ ವಿಡಿಯೊದ ಮೊದಲ ಚಿತ್ರವೇ ನಿಲ್ಲುತ್ತದೆ, ಅದು ಹೆಚ್ಚಾಗಿ ಮಸುಕಾದ ನೆಲವೋ ಯಾರದೋ ಕಾಲೋ ಆಗಿರುತ್ತದೆ. ವಿಡಿಯೊ ಓಡಿಸಿ, ಬೆಣೆ ಸ್ಪಷ್ಟವಾಗಿ ಕಂಡ ಕಡೆ ನಿಲ್ಲಿಸಿ, ‘ಪೋಸ್ಟರ್ ಫ್ರೇಮ್’ನಲ್ಲಿ ‘ಕರೆಂಟ್ ಫ್ರೇಮ್’ ಕೊಡಿ. ನೀವು ಮಾತಾಡುವಷ್ಟು ಹೊತ್ತೂ ಜನ ನೋಡುವುದು ಅದನ್ನೇ. ಇದಕ್ಕೆ ಖಂಡಿತ ಸಮಯ ಕೊಡಿ.

ಬೇಡದ ತಲೆ-ಬಾಲವನ್ನು ‘ಟ್ರಿಮ್ ವಿಡಿಯೊ’ದಲ್ಲಿ ತೆಗೆಯಿರಿ. ಒಂದು ಹಂತಕ್ಕೆ ಅರ್ಧ ನಿಮಿಷ ಸಾಕು. ಗಾಳಿ, ಪಂಪ್‌ಸೆಟ್ಟಿನ ಸದ್ದು ಇದ್ದರೆ ಮ್ಯೂಟ್ ಮಾಡಿ ನೀವೇ ಮಾತಾಡಿ. ಪ್ರಶ್ನೆ ಬಂದಾಗ ಆಲ್ಟ್ ಮತ್ತು ಪಿ ಒತ್ತಿದರೆ ಅಲ್ಲೇ ನಿಲ್ಲುತ್ತದೆ.

ಗೆಳೆಯರಿಂದ ವಾಟ್ಸಾಪಿನಲ್ಲಿ ವಿಡಿಯೊ ತರಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲದಿದ್ದರೆ ಚಿತ್ರ ಮಸುಕಾಗುತ್ತದೆ. ಐಫೋನಿನಲ್ಲಿ ತೆಗೆಯುವವರು ಮೊದಲೇ ಕ್ಯಾಮೆರಾ ಫಾರ್ಮ್ಯಾಟ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಇಟ್ಟುಕೊಳ್ಳಲಿ. ಕೆಲವು ವಿಂಡೋಸ್ ಕಂಪ್ಯೂಟರುಗಳಲ್ಲಿ ಐಫೋನಿನ ಮಾಮೂಲಿ ಫೈಲು ಓಡುವುದಿಲ್ಲ. ಎಲ್ಲ ಮುಗಿದ ಮೇಲೆ ಫೈಲ್, ಇನ್ಫೋ, ‘ಕಂಪ್ರೆಸ್ ಮೀಡಿಯಾ’ಕ್ಕೆ ಹೋಗಿ 720ಪಿ ಕೊಡಿ, ಫೈಲು ಹಗುರವಾಗುತ್ತದೆ. ಮೂಲ ಫೈಲಿನ ಒಂದು ಪ್ರತಿ ಬೇರೆ ಇಟ್ಟುಕೊಂಡೇ ಮಾಡಿ.

ಝೂಮ್‌ನಲ್ಲಿ ಸ್ಕ್ರೀನ್ ಹಂಚುವಾಗ ‘ಶೇರ್ ಸೌಂಡ್’ ಮತ್ತು ‘ಆಪ್ಟಿಮೈಸ್ ಫಾರ್ ವಿಡಿಯೊ ಕ್ಲಿಪ್’ ಎರಡಕ್ಕೂ ಗುರುತು ಹಾಕಿ. ಮೊದಲನೆಯದು ಮರೆತರೆ ವಿಡಿಯೊದ ಸದ್ದು ನಿಮಗೆ ಮಾತ್ರ ಕೇಳಿಸುತ್ತದೆ. ಎರಡನೆಯದು ಮರೆತರೆ ಚಾಕು ಹಾರಿ ಹಾರಿ ಚಲಿಸಿದ ಹಾಗೆ ಕಾಣುತ್ತದೆ. ಹಿಂದಿನ ದಿನ ಮನೆಯ ಇನ್ನೊಂದು ಫೋನಿನಿಂದ ನೀವೇ ಸೇರಿಕೊಂಡು ನೋಡಿ. ವೈಫೈ ಅಲ್ಲ, ಮೊಬೈಲ್ ಡೇಟಾದಲ್ಲೇ ಸೇರಿ, ರೈತರು ನೋಡುವುದು ಹಾಗೆ ತಾನೆ. ಬೆಣೆಯ ಅಂಚು ಅದರಲ್ಲಿ ಕಾಣದಿದ್ದರೆ ಇನ್ನೂ ಹತ್ತಿರ ಹೋಗಿ ಮತ್ತೆ ತೆಗೆಯಿರಿ. ಒಂದೆರಡು ಸ್ಲೈಡು ಆದ ಮೇಲೆ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.