ರಬ್ಬರ್ ಬ್ಯಾಂಡ್ ವಿಮಾನದ ಪ್ಲಾಸ್ಟಿಕ್ ಕೌಲಿಂಗ್‌ಗೆ ಬಣ್ಣ: ಮೇಲ್ಮೈ ಸುಕ್ಕುಗಟ್ಟುವುದು ಏಕೆ?

ಹಗುರ ಬಾಲ್ಸಾ ಮರದ ಮಾದರಿ ವಿಮಾನದ ಮೂಗನ್ನು ಮುಚ್ಚುವ ಬಿಳಿ ಪ್ಲಾಸ್ಟಿಕ್ ಚಿಪ್ಪಾದ ಕೌಲಿಂಗ್‌ಗೆ ಸ್ಪ್ರೇ ಕ್ಯಾನ್ ಹೊಡೆದಾಗ ಮೇಲ್ಮೈ ಸುಕ್ಕಾಯಿತು, ತೂಕವೂ ಏರಿತು ಎಂದು ಕೇಳಿದ್ದೀರಿ. ಇಂಥ ಕಿಟ್‌ಗಳ ಕೌಲಿಂಗ್ ಸಾಮಾನ್ಯವಾಗಿ ತೆಳು ಪಾಲಿಸ್ಟೈರೀನ್ ಪ್ಲಾಸ್ಟಿಕ್. ಲ್ಯಾಕರ್ ಥಿನ್ನರ್, ಅಸಿಟೋನ್, ರೆಕ್ಕೆಗೆ ಹೊದಿಸಿದ ಟಿಶ್ಯೂ ಕಾಗದ ಬಿಗಿಯಾಗಲೆಂದು ಬಳಿಯುವ ಡೋಪ್ ಎಂಬ ದ್ರವ ಎಲ್ಲವೂ ಅದನ್ನು ಕರಗಿಸುತ್ತವೆ. ಬಣ್ಣ ದಪ್ಪವಾಗಿ ಕೂತರೆ ದ್ರಾವಕ ಬೇಗ ಆರದೆ ಒಳಗಿಳಿಯುತ್ತದೆ. ಸುಕ್ಕಾಗಿರುವುದು ಬಹುಶಃ ಪ್ಲಾಸ್ಟಿಕ್ಕೇ. ಆ ಬಣ್ಣ ತೆಗೆಯಲು ಥಿನ್ನರ್ ಮುಟ್ಟಲೇಬೇಡಿ. ಎರಡು ದಿನ ಪೂರ್ತಿ ಗಟ್ಟಿಯಾಗಲು ಬಿಟ್ಟು, 600 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ಹಗುರವಾಗಿ ಉಜ್ಜಿ.

ಮುಂದಿನ ಸಲ ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು ಒಣಗಿಸಿ, ಅಂಚು ಹಿಡಿದೇ ಕೆಲಸ ಮಾಡಿ. ಬೆರಳಿನ ಜಿಡ್ಡಿರುವಲ್ಲಿ ಬಣ್ಣ ಎದ್ದು ಬರುತ್ತದೆ. ನೀರಿನಲ್ಲಿ ಕರಗುವ ಅಕ್ರಿಲಿಕ್ ಅನ್ನು ಹಾಲಿನಷ್ಟು ತೆಳ್ಳಗೆ ಮಾಡಿ, ಏರ್‌ಬ್ರಷ್‌ನಲ್ಲಿ 15ರಿಂದ 20 ಪಿಎಸ್‌ಐ ಒತ್ತಡದಲ್ಲಿ ಮಂಜಿನಂತೆ ಹೊಡೆಯಿರಿ. ಮೊದಲ ಪದರದಲ್ಲಿ ಬಿಳಿ ಕಾಣುತ್ತಿದ್ದರೂ ಇನ್ನಷ್ಟು ಹೊಡೆಯದೆ ತಡೆದುಕೊಳ್ಳಿ. ಪ್ರೈಮರ್ ಬೇಡ. ಹಳದಿ, ಕೆಂಪಿಗೆ ಬಿಳಿ ಪ್ಲಾಸ್ಟಿಕ್ಕೇ ಒಳ್ಳೆಯ ತಳ. ಹೊಳಪಿನ ಕ್ಲಿಯರ್ ಕೋಟ್ ಬರೀ ತೂಕ.

ಕೌಲಿಂಗ್‌ನ ಅರ್ಧ ಗ್ರಾಂಗೆ ನಾನು ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ಈ ವಿಮಾನಗಳ ಮೂಗಿಗೆ ಸಮತೋಲನಕ್ಕಾಗಿ ಹೇಗೂ ಜೇಡಿಮಣ್ಣು ಅಂಟಿಸಬೇಕಾಗುತ್ತದೆ. ಬಾಲದ ಬಣ್ಣ ಮಾತ್ರ ದುಬಾರಿ: ಅಲ್ಲಿನ ಒಂದು ಗ್ರಾಂ ಸರಿದೂಗಿಸಲು ಮೂಗಿಗೆ ಎರಡು ಮೂರು ಗ್ರಾಂ ಬೇಕಾಗಬಹುದು. 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಪ್ರತಿ ಪದರದ ನಂತರ ತೂಗಿ.

ಪೈಲಟ್ ಕೂರುವ ಜಾಗದ ಪಾರದರ್ಶಕ ಮುಚ್ಚಳವಾದ ಕ್ಯಾನೋಪಿಯ ಚೌಕಟ್ಟಿಗೆ ಬಣ್ಣದ ಬದಲು ಬಣ್ಣ ಹಚ್ಚಿದ ಟಿಶ್ಯೂ ಪಟ್ಟಿ ಅಂಟಿಸಿ. ಸೂಪರ್ ಗ್ಲೂ ಬೇಡ, ಅದರ ಆವಿಗೆ ಕ್ಯಾನೋಪಿ ಮಬ್ಬಾಗುತ್ತದೆ. ಬಿಳಿ ಫೆವಿಕಾಲ್ ಸಾಕು.